ಈಜಿ ಸ್ಟ್ರೀಟಿನ ಹೊಸ ಪೇದೆ

ಪೊಲೀಸ್ ಠಾಣೆಯ ಹೊರಗೆ ಒಂದು ಫಲಕ. ತುರ್ತಾಗಿ ಪೊಲೀಸರು ಬೇಕಾಗಿದ್ದಾರೆ ಎಂಬುದು ಅದರ ಒಕ್ಕಣೆ. ಬಿಗಿ ಕೋಟು, ಜೋಲಾಡುವ ಪ್ಯಾಂಟು, ಸವೆದ ಬೂಟಿನ ಕುಳ್ಳನೊಬ್ಬ ಅದನ್ನು ಓದಿ ಬಾಗಿಲ ತನಕ ಹೋಗುತ್ತಾನೆ. ಅಲ್ಲಿಂದ ಕಾಲು ಹಿಂದೆ ಬರುತ್ತದೆ. ಎದೆಯುಬ್ಬಿಸಿಕೊಂಡು ಮತ್ತೆ ಹೋಗುತ್ತಾನೆ, ಮತ್ತೆ ಹಿಂದಿರುಗುತ್ತಾನೆ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಒಳಹೊಕ್ಕವನು ಪೇದೆಯ ಸಮವಸ್ತ್ರ ತೊಟ್ಟು, ಲಾಠಿ ಹಿಡಿದು ಬೀದಿಗಿಳಿಯುತ್ತಾನೆ. 1917ರ ಜನವರಿ 22ರಂದು ತೆರೆಕಂಡ ಚಾರ್ಲಿ ಚಾಪ್ಲಿನ್ನನ ‘ಈಜಿ ಸ್ಟ್ರೀಟ್’ ಎಂಬ ಮೂಕಿ ಚಿತ್ರದ ಕಥೆ ಮೇಲೇರುವುದು ಇಲ್ಲಿಂದ. ಎರಡೇ ರೀಲು, ಅರ್ಧ ಗಂಟೆಗೂ ಕಡಿಮೆ ಅವಧಿ. ನೂರು ವರ್ಷ ದಾಟಿದ ಮೇಲೂ ಅದರ ನಗು ಮಾಸಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಯ ಹುಡುಗ ಹುಡುಗಿಯರು ಈ ಚಿತ್ರವನ್ನು ನೋಡಬೇಕು ಅನ್ನುವುದು ನನ್ನ ಬಹುದಿನದ ಆಸೆ. ಆ ಬಾಗಿಲ ಮುಂದಿನ ಹಿಂಜರಿಕೆ ಅವರಿಗೆ ಚೆನ್ನಾಗಿ ಗೊತ್ತು. ಪೊಲೀಸ್ ನೇಮಕಾತಿಯ ಪ್ರಕಟಣೆ ಬಂತೆಂದರೆ ನಮ್ಮ ಜಿಲ್ಲೆಯ ಮೈದಾನಗಳಲ್ಲಿ, ಊರಾಚೆಯ ರಸ್ತೆಗಳಲ್ಲಿ ಬೆಳಕು ಹರಿಯುವ ಮೊದಲೇ ಓಟ ಶುರುವಾಗುತ್ತದೆ. ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು, ಎತ್ತರ 168 ಸೆಂಟಿಮೀಟರ್ ಇರಬೇಕು, ಉದ್ದ ಜಿಗಿತ, ಗುಂಡು ಎಸೆತದಲ್ಲೂ ಗೆಲ್ಲಬೇಕು. ಅರಿಶಿನ, ಈರುಳ್ಳಿ, ಚೆಂಡುಹೂವಿನ ಬೆಲೆ ಯಾವಾಗ ನೆಲ ಕಚ್ಚುತ್ತದೋ ಹೇಳಲಾಗದ ಸೀಮೆಯಲ್ಲಿ, ಪಿಯುಸಿ ಓದಿದ ಮಕ್ಕಳ ಕೈಗೆ ಎಟುಕಬಹುದಾದ ಸರ್ಕಾರಿ ಕೆಲಸವೆಂದರೆ ಇದು. ತಿಂಗಳ ಸಂಬಳ ಬರುತ್ತದೆ, ಊರವರೆದುರು ಅಪ್ಪ ಅಮ್ಮ ತಲೆಯೆತ್ತಿ ನಡೆಯಬಹುದು. ಚಾಪ್ಲಿನ್ನನ ಅಲೆಮಾರಿಯನ್ನು ಠಾಣೆಯ ಬಾಗಿಲಿಗೆ ತಂದದ್ದೂ ದೊಡ್ಡ ಆದರ್ಶವೇನಲ್ಲ. ಅವನಿಗೆ ಹಸಿವು. ಜತೆಗೆ, ಇಷ್ಟು ದಿನ ಇದ್ದ ಹಾಗೆ ಇನ್ನು ಇರಬಾರದೆಂಬ ಒಂದು ನಿರ್ಧಾರ.

ಕಥೆ ಸರಳ. ಬೀದಿಯಲ್ಲಿ ಮಲಗಿದ್ದ ಅಲೆಮಾರಿ, ಪ್ರಾರ್ಥನಾ ಮಂದಿರದೊಳಗಿಂದ ಬಂದ ಹಾಡಿಗೆ ಎದ್ದು ಒಳಗೆ ಹೋಗುತ್ತಾನೆ. ಅಲ್ಲಿ ಸೇವೆ ಮಾಡುವ ಹುಡುಗಿಯಾಗಿ ನಟಿ ಎಡ್ನಾ ಪರ್ವಿಯನ್ಸ್. ಅವಳ ಎರಡು ಒಳ್ಳೆಯ ಮಾತು ಇವನ ಮನಸ್ಸನ್ನು ತಿರುಗಿಸುತ್ತದೆ. ಅಷ್ಟರಲ್ಲಾಗಲೇ ಪ್ಯಾಂಟಿನೊಳಗೆ ಅಡಗಿಸಿದ್ದ ಕಾಣಿಕೆ ಡಬ್ಬಿಯನ್ನು ತೆಗೆದು ಹಿಂದಕ್ಕೆ ಕೊಡುತ್ತಾನೆ. ಆಮೇಲೆ ಕೆಲಸ ಸಿಗುತ್ತದೆ. ಅವನನ್ನು ಹಾಕುವುದು ಈಜಿ ಸ್ಟ್ರೀಟಿಗೆ. ಅಲ್ಲಿಗೆ ಹೋದ ಪೊಲೀಸರೆಲ್ಲ ಸ್ಟ್ರೆಚರಿನ ಮೇಲೆ ವಾಪಸು ಬಂದವರೇ. ಆ ಬೀದಿಯನ್ನು ಆಳುತ್ತಿರುವುದು ಒಬ್ಬ ದೈತ್ಯ ರೌಡಿ. ಆ ಪಾತ್ರ ಮಾಡಿದ್ದು ಬ್ರಿಟನ್ನಿನ ನಟ ಎರಿಕ್ ಕ್ಯಾಂಪ್‌ಬೆಲ್. ಆರಡಿ ಮೀರಿದ ಆಳು, ಹುಬ್ಬು ಗಂಟಿಕ್ಕಿದರೆ ಬೀದಿಯೇ ಖಾಲಿ. ಆ ವರ್ಷದ ಡಿಸೆಂಬರಿನಲ್ಲೇ ಕ್ಯಾಂಪ್‌ಬೆಲ್ ಕಾರು ಅಪಘಾತದಲ್ಲಿ ತೀರಿಕೊಂಡ. ಅಂಥ ಎದುರಾಳಿ ಚಾಪ್ಲಿನ್ನನಿಗೆ ಮತ್ತೆ ಸಿಗಲೇ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಹೊಸ ಪೇದೆ ಲಾಠಿಯಿಂದ ರೌಡಿಯ ತಲೆಗೆ ಬಾರಿಸುತ್ತಾನೆ. ಏನೂ ಆಗುವುದಿಲ್ಲ. ಮತ್ತೆ ಬಾರಿಸುತ್ತಾನೆ; ರೌಡಿ ತಲೆಯನ್ನು ಇನ್ನಷ್ಟು ಮುಂದಕ್ಕೆ ಒಡ್ಡುತ್ತಾನೆ. ತನ್ನ ಶಕ್ತಿ ತೋರಿಸಲು ಬೀದಿಯ ಗ್ಯಾಸ್ ದೀಪದ ಕಂಬವನ್ನೇ ಬಗ್ಗಿಸುತ್ತಾನೆ. ಅವನು ಬಗ್ಗಿದ್ದೇ ತಡ, ಚಾರ್ಲಿ ಬೆನ್ನ ಮೇಲೆ ಹಾರಿ ದೀಪದ ಗೂಡನ್ನು ಅವನ ತಲೆಗೆ ಸಿಕ್ಕಿಸಿ ಗ್ಯಾಸ್ ತಿರುವಿಬಿಡುತ್ತಾನೆ. ರೌಡಿ ಮೆಲ್ಲನೆ ಕುಸಿಯುತ್ತಾನೆ. ಪೇದೆ ಡಾಕ್ಟರ ಗಾಂಭೀರ್ಯದಿಂದ ನಾಡಿ ಹಿಡಿದು ನೋಡಿ, ಇನ್ನೊಂದಿಷ್ಟು ಗ್ಯಾಸ್ ಕೊಡುತ್ತಾನೆ. ಈ ದೃಶ್ಯ ತೆಗೆಯುವಾಗ ಕಂಬ ಮೈಮೇಲೆ ಬಂದು ಚಾಪ್ಲಿನ್ನನ ಮೂಗಿಗೆ ಪೆಟ್ಟಾಗಿ ಚಿತ್ರೀಕರಣ ಕೆಲ ದಿನ ನಿಂತಿತ್ತು.

ನಮ್ಮ ಸೀಮೆಯವರಿಗೆ ಈ ಜಾಣ್ಮೆ ಹೊಸದಲ್ಲ. ಬಲದಲ್ಲಿ ಎದುರಿಸಲಾಗದ ಶ್ರವಣ ದೊರೆಯನ್ನು ಮಲೆಯ ಮಾದಪ್ಪ ಅರಗಿನ ಪಾದರಕ್ಷೆ ತೊಡಿಸಿ ಸುಟ್ಟ ಕಥೆಯನ್ನು ದೇವರಗುಡ್ಡರ ಬಾಯಲ್ಲಿ ಕೇಳಿ ಬೆಳೆದವರು ನಾವು. ಕುಳ್ಳ ಪೇದೆಯ ಉಪಾಯಕ್ಕೆ ಇಲ್ಲಿನ ಜನ ನಗುವುದಷ್ಟೇ ಅಲ್ಲ, ತಲೆದೂಗುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಗೆಲುವಿನ ನಂತರದ ಕ್ಷಣ. ರೌಡಿ ಬಿದ್ದ ಮೇಲೆ ಬೀದಿಯವರು ಮೆಲ್ಲಗೆ ಹತ್ತಿರ ಬರುತ್ತಾರೆ. ಪೇದೆ ಥಟ್ಟನೆ ತಿರುಗಿ ನೋಡುತ್ತಾನೆ. ಎಲ್ಲರೂ ದಿಕ್ಕಾಪಾಲಾಗಿ ಓಡುತ್ತಾರೆ. ನಿನ್ನೆಯವರೆಗೆ ರೌಡಿಗೆ ಹೆದರುತ್ತಿದ್ದವರು ಇಂದು ಇವನಿಗೆ ಹೆದರುತ್ತಿದ್ದಾರೆ. ಬೀದಿಯ ಭಯ ಹೋಗಲಿಲ್ಲ. ಒಬ್ಬನಿಂದ ಇನ್ನೊಬ್ಬನಿಗೆ ದಾಟಿತು. ಚಾಪ್ಲಿನ್ ಇದನ್ನು ಎರಡೇ ಹೆಜ್ಜೆಯಲ್ಲಿ, ಒಂದು ತಿರುವಿನಲ್ಲಿ ತೋರಿಸುತ್ತಾನೆ. ಪೊಲೀಸ್ ಸುಧಾರಣೆಯ ಮೇಲೆ ಬರೆದ ಉದ್ದುದ್ದ ವರದಿಗಳಲ್ಲಿ ಇರುವ ಮಾತೂ ಇದೇ.

ಅದಾದ ಮೇಲೆ ಬರುವ ದೃಶ್ಯ ಇನ್ನೂ ದೊಡ್ಡದು. ಒಬ್ಬ ಹೆಂಗಸು ಬೀದಿ ಅಂಗಡಿಯಿಂದ ತಿನ್ನುವ ಸಾಮಾನು ಕದ್ದು ಸೆರಗಲ್ಲಿಟ್ಟುಕೊಂಡಂತೆ ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ. ಪೇದೆ ಹಿಡಿಯುತ್ತಾನೆ. ಅವಳು ಅಳುತ್ತಾಳೆ: ಹಸಿವು. ಇವನಿಗೂ ಅಳು ಬರುತ್ತದೆ. ನಿದ್ದೆ ಹೋಗಿರುವ ಅಂಗಡಿಯವನ ಗಾಡಿಯಿಂದ ತಾನೇ ಇನ್ನಷ್ಟು ತರಕಾರಿ ಬಾಚಿ ಅವಳ ಮಡಿಲು ತುಂಬುತ್ತಾನೆ. ಕಾನೂನಿನ ಸಮವಸ್ತ್ರ ತೊಟ್ಟವನು ಕಳ್ಳತನ ಮಾಡುತ್ತಿದ್ದಾನೆ, ಯಾಕೆಂದರೆ ಹಸಿವಿನ ಪಾಠ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳು ಆ ರೌಡಿಯ ಹೆಂಡತಿ. ಮನೆಯ ಮೇಲಂತಸ್ತಿಗೆ ಹೋದವಳು ಕಿಟಕಿಯಿಂದ ಹೂಕುಂಡವನ್ನು ಈ ಉಪಕಾರಿಯ ತಲೆಯ ಮೇಲೇ ಬೀಳಿಸುತ್ತಾಳೆ. ಕರುಣೆ ತೋರಿದೊಡನೆ ಕೃತಜ್ಞತೆ ಸಿಗುತ್ತದೆಂದು ಚಾಪ್ಲಿನ್ ಸುಳ್ಳು ಹೇಳುವುದಿಲ್ಲ. ಸಮವಸ್ತ್ರದ ಮೇಲೆ ತಲೆಮಾರುಗಳಿಂದ ಕೂಡಿಬಂದ ಸಿಟ್ಟು ಒಂದು ಮಡಿಲು ತರಕಾರಿಗೆ ಕರಗುವುದಿಲ್ಲ.

ಇದನ್ನು ಚಾಪ್ಲಿನ್ ಎಲ್ಲಿ ಕಲಿತ ಎಂದು ಹುಡುಕಿದರೆ ದೂರ ಹೋಗಬೇಕಿಲ್ಲ. 1889ರ ಏಪ್ರಿಲ್ 16ರಂದು ಹುಟ್ಟಿ ದಕ್ಷಿಣ ಲಂಡನ್ನಿನ ಬಡ ಕೇರಿಗಳಲ್ಲಿ ಬೆಳೆದವನು. ಏಳು ವರ್ಷದವನಿದ್ದಾಗ ತಾಯಿ, ಅಣ್ಣನ ಜತೆ ಲ್ಯಾಂಬೆತ್‌ನ ಬಡವರ ಆಶ್ರಮಶಾಲೆ ಸೇರಬೇಕಾಯಿತು. ಮುಂದೆ ಫ್ರೆಡ್ ಕಾರ್ನೋನ ನಾಟಕ ತಂಡದ ಜತೆ ಅಮೆರಿಕಕ್ಕೆ ಹೋದ. 1916ರಲ್ಲಿ ಮ್ಯೂಚುಯಲ್ ಕಂಪನಿ ಒಂದು ವರ್ಷಕ್ಕೆ ಅವನಿಗೆ ಕೊಡಲು ಒಪ್ಪಿದ್ದು 6,70,000 ಡಾಲರ್. ಆ ಕಾಲಕ್ಕೆ ಪ್ರಪಂಚವೇ ಬಾಯಿಬಿಟ್ಟು ನೋಡಿದ ಸಂಬಳ. ಆ ಒಪ್ಪಂದದ 12 ಚಿತ್ರಗಳಲ್ಲಿ ‘ಈಜಿ ಸ್ಟ್ರೀಟ್’ ಒಂಬತ್ತನೆಯದು. ಅಷ್ಟು ಹಣ ಕೈಗೆ ಬಂದಾಗ ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಅವನು ಕಟ್ಟಿಸಿದ್ದು ಅರಮನೆಯ ಸೆಟ್ಟನ್ನಲ್ಲ, ತಾನು ಹಸಿದು ಅಲೆದಾಡಿದಂಥ ಒಂದು ಬೀದಿಯನ್ನು.

ಈಗ ಮಾತಿಲ್ಲದಿರುವಿಕೆಯ ವಿಚಾರ. ಈ ಚಿತ್ರಗಳಲ್ಲಿ ಪೊಲೀಸರು ಯಾಕೆ ಅಷ್ಟು ನಗೆ ತರಿಸುತ್ತಾರೆ? ನನಗೆ ಹೊಳೆಯುವುದು ಹೀಗೆ. ಅಧಿಕಾರ ಅನ್ನುವುದು ಬಹುಮಟ್ಟಿಗೆ ದನಿ. ‘ಏಯ್, ನಿಲ್ಲು’, ‘ಯಾವೂರು’, ‘ಗಾಡಿ ಸೈಡಿಗೆ ಹಾಕು’. ಏಕವಚನದ ಆ ಒಂದು ಕೂಗಿಗೆ ಎದುರಿನವನ ಕೈಕಾಲು ತಣ್ಣಗಾಗುತ್ತದೆ. ಮೂಕಿ ಚಿತ್ರ ಆ ದನಿಯನ್ನೇ ಕಿತ್ತುಕೊಂಡಿತು. ಉಳಿದದ್ದು ಹೊಟ್ಟೆ, ಮೀಸೆ, ಟೋಪಿ, ಲಾಠಿ, ಜಾರುವ ಬೂಟು. ಆಜ್ಞೆ ಕೊಡಲಾಗದ ಪೊಲೀಸಪ್ಪ ಕೈಬೀಸುತ್ತಾನೆ, ಓಡುತ್ತಾನೆ, ಎಡವುತ್ತಾನೆ. ಸಮವಸ್ತ್ರದ ಒಳಗೆ ಒಂದು ಸಾಧಾರಣ ಮೈ ಇದೆ, ಅದಕ್ಕೂ ಸುಸ್ತಾಗುತ್ತದೆ, ಅದಕ್ಕೂ ಪೆಟ್ಟು ಬೀಳುತ್ತದೆ ಎಂಬುದು ಎಲ್ಲರಿಗೂ ಕಾಣಿಸಿಬಿಡುತ್ತದೆ. ಠಾಣೆಯ ಕಟ್ಟೆಯ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾದ ಬಡವರಿಗೆ ಈ ನೋಟ ದೊಡ್ಡ ಬಿಡುಗಡೆ.

ಇದನ್ನು ಮೊದಲು ದೊಡ್ಡ ವ್ಯಾಪಾರವಾಗಿಸಿದ್ದು ಮ್ಯಾಕ್ ಸೆನೆಟ್. ಕೆನಡಾದಲ್ಲಿ ಹುಟ್ಟಿದ ಈತ 1912ರಲ್ಲಿ ಕೀಸ್ಟೋನ್ ಸ್ಟುಡಿಯೋ ಶುರು ಮಾಡಿ ‘ಕೀಸ್ಟೋನ್ ಕಾಪ್ಸ್’ ಎಂಬ ಪೊಲೀಸರ ಹಿಂಡನ್ನೇ ತೆರೆಯ ಮೇಲೆ ಓಡಿಸಿದ. ಒಂದೇ ಗಾಡಿಯ ತುಂಬ ಜೋತಾಡುವ, ತಿರುವಿನಲ್ಲಿ ಒಬ್ಬೊಬ್ಬರಾಗಿ ಉದುರುವ, ಕಳ್ಳನನ್ನು ಬಿಟ್ಟು ಒಬ್ಬರ ಮೇಲೊಬ್ಬರು ಬೀಳುವ ಪೊಲೀಸರು. ಆ ಅವಸರದ ಚಲನೆಯ ಹಿಂದೆ ಒಂದು ಕೈಚಳಕವಿದೆ. ಅಂದಿನ ಕ್ಯಾಮೆರಾವನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಫ್ರೇಮ್ ವಾಡಿಕೆ. ಓಟದ ದೃಶ್ಯ ಬಂದಾಗ ಬೇಕೆಂದೇ ನಿಧಾನ ತಿರುಗಿಸಿ ಕಡಿಮೆ ಫ್ರೇಮ್ ಹಿಡಿಯುತ್ತಿದ್ದರು. ಅದನ್ನು ಮಾಮೂಲು ವೇಗದಲ್ಲಿ ತೋರಿಸಿದರೆ ನಡಿಗೆ ಓಟವಾಗುತ್ತದೆ, ಓಟ ಹಾರಾಟವಾಗುತ್ತದೆ. ಮುಂದೆ ಟಾಕಿಯ ಕಾಲಕ್ಕೆ ಸೆಕೆಂಡಿಗೆ 24 ಫ್ರೇಮ್ ಕಾಯಂ ಆದ ಮೇಲೆ ಹಳೆಯ ಚಿತ್ರಗಳನ್ನೆಲ್ಲ ಆ ವೇಗದಲ್ಲೇ ಓಡಿಸಿದರು. ಮೂಕಿ ಚಿತ್ರದಲ್ಲಿ ಎಲ್ಲರೂ ಗಡಿಬಿಡಿಯಿಂದ ನಡೆಯುತ್ತಾರೆ ಎಂದು ನಾವು ತಿಳಿದದ್ದಕ್ಕೆ ಇದೂ ಒಂದು ಕಾರಣ. ಸರಿಯಾದ ವೇಗದಲ್ಲಿ ನೋಡಿದರೆ ಚಾಪ್ಲಿನ್ನನ ನಡಿಗೆಯಲ್ಲಿ ನರ್ತಕನ ಅಳತೆ ಕಾಣುತ್ತದೆ.

ಚಾಪ್ಲಿನ್ ಸ್ವತಃ ಕೀಸ್ಟೋನಿನಲ್ಲಿ ಬೆಳೆದವನು. 1914ರ ‘ಎ ಥೀಫ್ ಕ್ಯಾಚರ್’ನಲ್ಲಿ ಆ ಹಿಂಡಿನ ಒಬ್ಬ ಪೊಲೀಸನಾಗಿ ಕೆಲ ಕ್ಷಣ ಬಂದು ಹೋಗುತ್ತಾನೆ. ದಶಕಗಳ ಕಾಲ ಕಳೆದೇಹೋಗಿದ್ದ ಆ ಚಿತ್ರದ ಪ್ರತಿ ಅಮೆರಿಕದ ಹಳೇ ಸಾಮಾನಿನ ಮಾರಾಟವೊಂದರಲ್ಲಿ ಸಿಕ್ಕಿ, 2010ರಲ್ಲಿ ಮತ್ತೆ ಜನರೆದುರು ಬಂತು. ಕೀಸ್ಟೋನಿಗೂ ‘ಈಜಿ ಸ್ಟ್ರೀಟ್’ಗೂ ನಡುವಿನ ಅಂತರ ಬರೀ ಮೂರು ವರ್ಷದ್ದಲ್ಲ. ಅಲ್ಲಿ ಪೊಲೀಸರು ನಗೆಯ ಗೊಂಬೆಗಳು, ಹಿಂದೆ ಮುಂದೆ ಇಲ್ಲ. ಇಲ್ಲಿ ಪೊಲೀಸನಿಗೆ ನಿನ್ನೆ ಇದೆ. ನಿನ್ನೆ ಅವನೂ ಬೀದಿಯಲ್ಲಿ ಮಲಗಿದ್ದ.

ಪೊಲೀಸರನ್ನು ನೋಡಿ ನಗುವುದು ಪರದೇಶದವರ ರೂಢಿ ಎಂದು ಯಾರೂ ತಿಳಿಯಬೇಕಿಲ್ಲ. ಕಾಳಿದಾಸನ ಶಾಕುಂತಲದ ಆರನೇ ಅಂಕದ ಮೊದಲಿಗೆ ಇಬ್ಬರು ಕಾವಲಿನವರು, ಸೂಚಕ ಮತ್ತು ಜಾನುಕ, ಒಬ್ಬ ಬೆಸ್ತರವನನ್ನು ಕಟ್ಟಿ ಎಳೆದುತರುತ್ತಾರೆ. ಮೀನಿನ ಹೊಟ್ಟೆಯಲ್ಲಿ ರಾಜಮುದ್ರೆಯ ಉಂಗುರ ಸಿಕ್ಕಿತೆಂದರೆ ಅವರು ನಂಬುವುದಿಲ್ಲ. ಅವನ ಜಾತಿ, ಕಸುಬು ಹಿಡಿದು ಗೇಲಿ ಮಾಡುತ್ತಾರೆ, ಕೊಲ್ಲಲು ಕೈ ತುರಿಸುತ್ತಿದೆ ಅನ್ನುತ್ತಾರೆ. ಉಂಗುರ ನೋಡಿದ ದೊರೆ ಅದರ ಬೆಲೆಯಷ್ಟೇ ಬಹುಮಾನ ಕಳಿಸುತ್ತಾನೆ. ಬೆಸ್ತ ಅದರಲ್ಲಿ ಅರ್ಧವನ್ನು ಕಾವಲಿನವರ ಕಡೆ ಚಾಚಿದ್ದೇ ತಡ, ಅವರ ಮೇಲಧಿಕಾರಿಗೆ ಅವನು ಜೀವದ ಗೆಳೆಯನಾಗಿಬಿಡುತ್ತಾನೆ. ಎಲ್ಲರೂ ಕೂಡಿ ಹೆಂಡದಂಗಡಿಯ ದಾರಿ ಹಿಡಿಯುತ್ತಾರೆ. ಮೈಸೂರು ಅರಮನೆಯ ಆಸರೆಯಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಸಿಕ್ಕಿಬಿದ್ದವನ ಕೈಯಲ್ಲಿ ದುಡ್ಡು ಕಂಡಾಗ ಹಿಡಿದವನ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ಕಾಳಿದಾಸ ಇಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ.

ಶೂದ್ರಕನ ಮೃಚ್ಛಕಟಿಕ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಆರನೇ ಅಂಕದಲ್ಲಿ ವೀರಕ, ಚಂದನಕ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ತಪ್ಪಿಸಿಕೊಂಡ ಆರ್ಯಕನಿಗಾಗಿ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದಾರೆ. ಆರ್ಯಕ ದನಗಾಹಿಗಳ ಹುಡುಗ, ದೊರೆಯ ಅನುಮಾನಕ್ಕೆ ಸೆರೆಯಾಗಿದ್ದವನು. ಗಾಡಿಯೊಳಗೆ ಇಣುಕಿದ ಚಂದನಕನಿಗೆ ಅವನೇ ಕಣ್ಣಿಗೆ ಬೀಳುತ್ತಾನೆ. ಕಾಪಾಡು ಎಂದು ಕೈಮುಗಿದವನನ್ನು ಹಿಡಿದುಕೊಡಲು ಮನಸ್ಸು ಬರುವುದಿಲ್ಲ. ಒಳಗಿರುವುದು ಹೆಣ್ಣು ಎಂದು ಹೇಳಲು ಹೋಗಿ ನಾಲಿಗೆ ತಡವರಿಸುತ್ತದೆ. ವೀರಕನಿಗೆ ಅನುಮಾನ. ಆಗ ಚಂದನಕ ಮಾಡುವ ಉಪಾಯವನ್ನು ಕನ್ನಡಿಗರು ತಿಳಿದಿರಬೇಕು: ಕರ್ಣಾಟದವರ ಧಾಟಿಯಲ್ಲಿ ಒಂದು ಜಗಳ ತೆಗೆಯುತ್ತೇನೆ ಎಂದುಕೊಂಡು ವೀರಕನ ಮೇಲೆ ಬೀಳುತ್ತಾನೆ. ಜಾತಿಯ ಹಳಿಯುವಿಕೆ, ಬೈಗುಳ, ಒದೆತ ಎಲ್ಲ ಆಗಿ ಗಾಡಿ ಮುಂದೆ ಹೋಗುತ್ತದೆ. ಉಜ್ಜಯಿನಿಯ ರಸ್ತೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಕರ್ತವ್ಯಕ್ಕೂ ಕರುಣೆಗೂ ನಡುವೆ ಸಿಕ್ಕಿ ಬಳಸಿಕೊಂಡದ್ದು ನಮ್ಮ ಜಗಳಗಂಟಿತನವನ್ನು!

ನಮ್ಮ ನಾಡಿನ ಮೂಕಿ ಚಿತ್ರದ ಕಥೆ ಶುರುವಾಗುವುದೂ ಇದೇ ನಾಟಕದಿಂದ. ಮೋಹನ್ ಭವನಾನಿ ನಿರ್ದೇಶಿಸಿದ ‘ಮೃಚ್ಛಕಟಿಕ’ ಅಥವಾ ‘ವಸಂತಸೇನಾ’ 1931ರಲ್ಲಿ ಬಂತು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ. ಪಿ. ಕೈಲಾಸಂ ಅದರಲ್ಲಿ ನಟಿಸಿದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಗಳು ಕ್ಯಾಮೆರಾ ಮುಂದೆ ನಿಲ್ಲುವುದೇ ಅಪರಾಧವಾಗಿದ್ದ ಕಾಲದಲ್ಲಿ ಕಮಲಾದೇವಿಯಂಥ ಸ್ವಾತಂತ್ರ್ಯ ಹೋರಾಟಗಾರ್ತಿ ನಟಿಸಿದ್ದು ಸಣ್ಣ ಸಂಗತಿಯಲ್ಲ. ಗುಬ್ಬಿ ವೀರಣ್ಣನವರೂ ಹಿಂದೆ ಬೀಳಲಿಲ್ಲ. ಬೆಲ್ಜಿಯಂನ ರಾಫೆಲ್ ಆಲ್ಗೋಯೆಟ್ ಎಂಬ ನಿರ್ದೇಶಕನನ್ನು ಹಿಡಿದು ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರ ತೆಗೆಸಿ, ತಾವೇ ನಟಿಸಿದರು. ‘ಸದಾರಮೆ’ಯ ಕಳ್ಳನಾಗಿ ಊರೂರನ್ನು ನಗಿಸಿದ ಅವರ ಮೈ, ಮಾತಿಲ್ಲದೆಯೂ ನಗಿಸಬಲ್ಲ ಮೈ. ಇಂಡಿಯಾದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಿ ಚಿತ್ರಗಳಲ್ಲಿ ಇಂದು ನೋಡಲು ಸಿಗುವುದು ಬೆರಳೆಣಿಕೆಯಷ್ಟು. ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಫಿಲಂ ಸುಟ್ಟುಹೋಯಿತು, ಕೊಳೆತುಹೋಯಿತು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸಿದವರೂ ಉಂಟು. ಪುಣೆಯ ರಾಷ್ಟ್ರೀಯ ಫಿಲಂ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಬಹಳಷ್ಟು ಮುಗಿದುಹೋಗಿತ್ತು. ಚಾಪ್ಲಿನ್ನನ ಚಿತ್ರಗಳನ್ನು ಇಂದು ಮನೆಯಲ್ಲಿ ಕುಳಿತು ನೋಡಬಹುದು, ವೀರಣ್ಣನವರನ್ನು ಹಾಗೆ ನೋಡಲಾಗುವುದಿಲ್ಲ ಎಂಬುದು ನನಗೆ ಮರೆಯಲಾಗದ ನೋವು.

ಗುಬ್ಬಿ ಕಂಪನಿಯ ಹೆಸರು ಬಂದ ಮೇಲೆ ನಮ್ಮ ಜಿಲ್ಲೆಗೆ ಮರಳಲೇಬೇಕು. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಆ ಕಂಪನಿಯ ಹೆಸರಾಂತ ನಟರು. ಅವರ ಮಗ ಮುತ್ತುರಾಜ ಹುಟ್ಟಿದ್ದು ಚಾಮರಾಜನಗರದ ಪಕ್ಕದಲ್ಲೇ ಗಡಿಯಾಚೆ ಇರುವ ಗಾಜನೂರಿನಲ್ಲಿ; ಬೆಳೆದದ್ದು ಅದೇ ಕಂಪನಿಯ ರಂಗದ ಮೇಲೆ. 1934ರ ಮಾರ್ಚ್ 3ರಂದು ‘ಸತಿ ಸುಲೋಚನಾ’ದೊಂದಿಗೆ ಕನ್ನಡದ ತೆರೆಗೆ ಮಾತು ಬಂತು, ಇಪ್ಪತ್ತು ವರ್ಷದ ಮೇಲೆ ‘ಬೇಡರ ಕಣ್ಣಪ್ಪ’ನಾಗಿ ಮುತ್ತುರಾಜ ರಾಜಕುಮಾರರಾದರು. 1968ರ ‘ಜೇಡರ ಬಲೆ’ಯಲ್ಲಿ ಅವರು ಸಿಐಡಿ 999. ಮಾತು ಬಂದ ಮೇಲೆ ತೆರೆಯ ಪೊಲೀಸು ಎಷ್ಟು ಬದಲಾದ ನೋಡಿ. ಎಡವುವವನು ಗುರಿ ತಪ್ಪದವನಾದ. 1988ರ ‘ಸಾಂಗ್ಲಿಯಾನ’ದ ಶಂಕರ್ ನಾಗ್ ತನಕ ಬಂದರೆ, ಪೊಲೀಸ್ ಪಾತ್ರದ ಜೀವವೇ ಸಂಭಾಷಣೆ. ಸಿಳ್ಳೆ ಬೀಳುವುದು ಡೈಲಾಗಿಗೆ. ಇಂದು ಮೈದಾನದಲ್ಲಿ ಓಡುತ್ತಿರುವ ಮಕ್ಕಳ ತಲೆಯಲ್ಲಿರುವ ಪೊಲೀಸು ಇವನೇ, ಚಾಪ್ಲಿನ್ನನ ಪೇದೆಯಲ್ಲ. ನಾನು ಆ ಚಿತ್ರಗಳನ್ನು ಪ್ರೀತಿಯಿಂದಲೇ ನೋಡಿದವನು. ಆದರೆ ಗೆಲ್ಲುವ ಪೊಲೀಸನನ್ನು ಮಾತ್ರ ನೋಡಿ ಕೆಲಸಕ್ಕೆ ಸೇರಿದವನಿಗೆ, ಮೊದಲ ದಿನ ಬಂದೋಬಸ್ತಿನಲ್ಲಿ ಬಿಸಿಲಿಗೆ ನಿಂತು ಕಾಲು ಸೋತಾಗ ತನ್ನ ಬಗ್ಗೆಯೇ ತಾತ್ಸಾರ ಹುಟ್ಟಬಹುದು. ಆ ತಾತ್ಸಾರ ಎದುರಿಗೆ ಬಂದ ಬಡವನ ಮೇಲೆ ಸಿಟ್ಟಾಗಿ ತಿರುಗಲು ಹೆಚ್ಚು ಹೊತ್ತು ಬೇಡ.

ಪೊಲೀಸರ ಬಗ್ಗೆ ಹಗುರವಾಗಿ ನಗಲು ಈ ಜಿಲ್ಲೆಗೆ ಸುಲಭವಲ್ಲ ಎಂಬುದನ್ನೂ ಹೇಳಬೇಕು. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್‌ನ ಗುಂಪು ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚಿನ ದಾಳಿಯಲ್ಲಿ ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಅವರ ಜತೆಗಿದ್ದ ಪೊಲೀಸರು ಪ್ರಾಣ ಕೊಟ್ಟರು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜಕುಮಾರರನ್ನೇ ಎತ್ತಿಕೊಂಡು ಹೋದಾಗ ನಾಡಿಗೆ ನಾಡೇ ಉಸಿರು ಬಿಗಿಹಿಡಿದಿತ್ತು. ಅವರು ಬಿಡುಗಡೆಯಾದದ್ದು ನವೆಂಬರಿನಲ್ಲಿ. ಇದೇ ಕಾಡಿನಂಚಿನ ಊರುಗಳಲ್ಲಿ ಇನ್ನೊಂದು ನೆನಪೂ ಇದೆ. ವೀರಪ್ಪನ್ ಬೇಟೆಗೆ ಇಳಿದ ವಿಶೇಷ ಕಾರ್ಯಪಡೆಯ ಕಾರ್ಯಾಚರಣೆಯಲ್ಲಿ ಬಡವರು, ಬುಡಕಟ್ಟಿನವರು ಅನುಭವಿಸಿದ ಹಿಂಸೆಯ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು; 2007ರಲ್ಲಿ ನೊಂದವರಿಗೆ ಪರಿಹಾರ ಕೊಡುವಂತೆ ಆಯೋಗ ಹೇಳಿತು. ಖಾಕಿಗಾಗಿ ಸತ್ತವರ ಮನೆಯೂ ಇಲ್ಲಿದೆ, ಖಾಕಿಯಿಂದ ನೊಂದವರ ಮನೆಯೂ ಇಲ್ಲಿದೆ. ಎರಡೂ ಮನೆಯ ಮಕ್ಕಳು ಇವತ್ತು ಅದೇ ಮೈದಾನದಲ್ಲಿ ಅದೇ ಕೆಲಸಕ್ಕೆ ಓಡುತ್ತಿರಬಹುದು. ಅವರೆಲ್ಲ ಒಟ್ಟಿಗೆ ಕುಳಿತು ನೋಡಬಹುದಾದ ಪೊಲೀಸ್ ಚಿತ್ರ ಯಾವುದು ಎಂದು ಯೋಚಿಸಿದಾಗಲೆಲ್ಲ ನನ್ನ ಮುಂದೆ ಬರುವುದು ‘ಈಜಿ ಸ್ಟ್ರೀಟ್’. ಅದು ಸಮವಸ್ತ್ರವನ್ನು ಅವಮಾನಿಸುವುದಿಲ್ಲ, ಪೂಜಿಸುವುದೂ ಇಲ್ಲ. ಅದನ್ನು ತೊಟ್ಟವನು ಯಾರ ಮಗ ಎಂದು ಕೇಳುತ್ತದೆ.

ಚಿತ್ರದ ಕೊನೆಯ ಬಗ್ಗೆ ನನಗೆ ತಕರಾರಿದೆ. ನೆಲಮಾಳಿಗೆಯಲ್ಲಿ ಮಾದಕ ವ್ಯಸನಿಯೊಬ್ಬನ ಸೂಜಿಯ ಮೇಲೆ ಅಕಸ್ಮಾತ್ತಾಗಿ ಕುಳಿತ ಪೇದೆಗೆ ಎಲ್ಲಿಲ್ಲದ ಶಕ್ತಿ ಬಂದು ಬೀದಿಯ ಪುಂಡರನ್ನೆಲ್ಲ ಬಡಿದುಹಾಕುತ್ತಾನೆ. ಆಮೇಲೆ ಆ ಬೀದಿಯಲ್ಲೇ ಹೊಸ ಪ್ರಾರ್ಥನಾ ಮಂದಿರ, ರೌಡಿಗೆ ಒಗೆದ ಸೂಟು, ಹೆಂಡತಿಯ ಜತೆ ಸಭ್ಯ ನಡಿಗೆ. ಇಷ್ಟು ಬೇಗ ಊರು ಬದಲಾಗುವುದಿಲ್ಲ. ಸೂಜಿಯ ದೃಶ್ಯವನ್ನು ಮಕ್ಕಳಿಗೆ ತೋರಿಸುವಾಗ ದೊಡ್ಡವರು ಪಕ್ಕದಲ್ಲಿ ಕುಳಿತು ಎರಡು ಮಾತು ಹೇಳಲೇಬೇಕು.

ಕೊನೆಯ ವಿಚಾರದಲ್ಲಿ ಆ ಕಾಲದ ಇನ್ನೊಬ್ಬ ಮೂಕಿ ನಗೆನಟ ಬಸ್ಟರ್ ಕೀಟನ್ ಹೆಚ್ಚು ನಿಷ್ಠುರ. ಅವನ 1922ರ ‘ಕಾಪ್ಸ್’ನಲ್ಲಿ ಒಬ್ಬ ಬಡಪಾಯಿಯ ಹಿಂದೆ ನಗರದ ಪೊಲೀಸರೆಲ್ಲ ಓಡುತ್ತಾರೆ, ಅವರನ್ನೆಲ್ಲ ಠಾಣೆಯೊಳಗೆ ಕೂಡಿಹಾಕಿ ಬೀಗ ಜಡಿದವನು, ಪ್ರೀತಿಸಿದ ಹುಡುಗಿ ಮುಖ ತಿರುಗಿಸಿದಳೆಂದು ತಾನೇ ಬಾಗಿಲು ತೆಗೆದು ಅವರ ಕೈಗೆ ಸಿಕ್ಕಿಕೊಳ್ಳುತ್ತಾನೆ. 1924ರ ‘ಶರ್ಲಾಕ್ ಜೂನಿಯರ್’ ಅಂತೂ ನಮ್ಮ ಟೆಂಟ್ ಸಿನಿಮಾದ ಕಾಲ ಕಂಡವರಿಗೆ ಹೇಳಿಮಾಡಿಸಿದ್ದು. ಅದರ ನಾಯಕ ಚಿತ್ರಮಂದಿರದ ಆಪರೇಟರ್. ಕಸ ಗುಡಿಸುತ್ತ, ರೀಲು ಸುತ್ತುತ್ತ, ಪತ್ತೇದಾರನಾಗುವುದು ಹೇಗೆಂಬ ಪುಸ್ತಕ ಓದುತ್ತಾನೆ. ಪ್ರೊಜೆಕ್ಟರಿನ ಪಕ್ಕ ನಿದ್ದೆ ಹೋಗಿ, ಕನಸಿನಲ್ಲಿ ತೆರೆಯೊಳಗೇ ನಡೆದುಹೋಗಿ ಜಗತ್ತಿನ ಮಹಾ ಪತ್ತೇದಾರನಾಗುತ್ತಾನೆ. ಅತ್ತ ಎಚ್ಚರದ ಲೋಕದಲ್ಲಿ, ಕಳುವಾದ ಗಡಿಯಾರದ ನಿಜವನ್ನು ಬಯಲಿಗೆಳೆಯುವುದು ಅವನು ಮೆಚ್ಚಿದ ಹುಡುಗಿ. ಗಿರವಿ ಅಂಗಡಿಗೆ ನೆಟ್ಟಗೆ ನಡೆದುಹೋಗಿ, ಇದನ್ನು ಇಟ್ಟವರು ಯಾರು ಎಂದು ವಿಚಾರಿಸುತ್ತಾಳೆ, ಅಷ್ಟೆ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಭಾಗವನ್ನು ನಾನು ಒತ್ತಿ ತೋರಿಸುತ್ತೇನೆ. ಈ ಚಿತ್ರದ ನೀರಿನ ತೊಟ್ಟಿಯ ದೃಶ್ಯದಲ್ಲಿ ಕೀಟನ್ನನ ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಅದು ಅವನಿಗೇ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಎಕ್ಸ್‌ರೇಯಲ್ಲಿ.

ತೋರಿಸುವುದು ಕಷ್ಟದ ಕೆಲಸವಲ್ಲ. ‘ಈಜಿ ಸ್ಟ್ರೀಟ್’ ಈಗ ಯಾರ ಹಕ್ಕಿನಲ್ಲೂ ಇಲ್ಲ. ಯಾರು ಬೇಕಾದರೂ ಇಳಿಸಿಕೊಂಡು ತೋರಿಸಬಹುದು. ಶಾಲೆಯ ಪ್ರೊಜೆಕ್ಟರ್, ಒಂದು ಬಿಳಿ ಪಂಚೆ, ಕತ್ತಲಾದ ಮೇಲಿನ ಒಂದು ಗಂಟೆ ಸಾಕು. ಭಾಷೆಯ ತೊಡಕೂ ಇಲ್ಲ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಚಾಮರಾಜನಗರದಿಂದ ಹೊರಟ ರಸ್ತೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ. ಕನ್ನಡ, ತಮಿಳು, ಮಲಯಾಳಂ, ಉರ್ದು, ಸೋಲಿಗರ ನುಡಿ ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಗಡಿ ನಮ್ಮದು. ಹೂವು ಕೊಳ್ಳಲು ಬಂದ ಕೇರಳದವನೂ, ತಾಳವಾಡಿಯಿಂದ ಬಂದ ನೆಂಟನೂ, ಹಾಡಿಯ ಮಗುವೂ ಒಟ್ಟಿಗೆ ನಗಬಹುದಾದ ಚಿತ್ರ ಮಾತಿನ ಚಿತ್ರಗಳಲ್ಲಿ ಎಷ್ಟಿವೆ?

ಮೂಕಿ ಚಿತ್ರವನ್ನು ಸದ್ದಿಲ್ಲದೆ ತೋರಿಸಿದರೆ ಅದು ಅರ್ಧ ಮಾತ್ರ. ಅಂದಿನ ಥಿಯೇಟರುಗಳಲ್ಲಿ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ನುಡಿಸುತ್ತಿದ್ದರು. ನಡುವೆ ಬರುವ ಬರಹವನ್ನು ಓದುಬಾರದವರಿಗಾಗಿ ಒಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಮ್ಮಲ್ಲಿ ಕಂಸಾಳೆಯವರಿದ್ದಾರೆ, ತಮಟೆಯವರಿದ್ದಾರೆ, ನೀಲಗಾರರಿದ್ದಾರೆ. ರೌಡಿ ಕಂಬ ಬಗ್ಗಿಸುವಾಗ ತಮಟೆ, ಪೇದೆ ನಾಡಿ ಹಿಡಿಯುವಾಗ ಕಂಸಾಳೆಯ ಒಂದೇ ಒಂದು ತಟ್ಟು. ಬರಹದ ಫಲಕಗಳು ತೀರ ಕಡಿಮೆ. ಅವನ್ನು ಓದುವ ಕೆಲಸವನ್ನು ನೇಮಕಾತಿಗೆ ತಯಾರಾಗುತ್ತಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಬಹುದು. ಚಿತ್ರ ಮುಗಿದ ಮೇಲೆ ದೀಪ ಹಾಕಿ, ಊರಿನ ಒಬ್ಬ ನಿವೃತ್ತ ಪೊಲೀಸರನ್ನೂ ಒಬ್ಬ ತರಕಾರಿ ಗಾಡಿಯವರನ್ನೂ ಅಕ್ಕಪಕ್ಕ ಕೂರಿಸಿ ಕೇಳಬೇಕಾದ ಪ್ರಶ್ನೆ ಒಂದಿದೆ: ಹಸಿದವಳಿಗಾಗಿ ಪೇದೆ ಬೇರೆಯವರ ಗಾಡಿಯಿಂದ ತೆಗೆದುಕೊಟ್ಟದ್ದು ಸರಿಯೇ? ಗಾಡಿಯವರ ಉತ್ತರವನ್ನು ಮೊದಲು ಕೇಳಿಸಿಕೊಳ್ಳಬೇಕು, ಯಾಕೆಂದರೆ ಚಾಪ್ಲಿನ್ ಅವರಿಗೆ ಮಾತಾಡಲು ಬಿಡಲಿಲ್ಲ, ನಿದ್ದೆ ಮಾಡಿಸಿಬಿಟ್ಟ.